ಹ್ಯಾಂಬರ್ಗ್ ಮುಟ್ಟದ ಸೇಬಿನ ಲಾರಿ

ಮಕ್ಕಳಿಂದ ಅಪ್ಪ ಅಮ್ಮಂದಿರಿಗೆ ಇಳಿದುಬರುವ ಆಸ್ತಿಯ ಬಗ್ಗೆ ನಮ್ಮ ಕಾನೂನು ಹೆಚ್ಚು ತಲೆ ಕೆಡಿಸಿಕೊಂಡಂತಿಲ್ಲ. ನನ್ನ ಮಗ ಕೆಲಸ ಸಿಕ್ಕಿ ಪುಣೆಗೆ ಹೊರಟಾಗ ಮೈಸೂರಿನ ಮನೆಯಲ್ಲಿ ಬಿಟ್ಟುಹೋದದ್ದು ತಂತಿ ಕಡಿದ ಗಿಟಾರು, ಜೊತೆ ಕಳೆದುಕೊಂಡ ಒಂದು ಡಂಬೆಲ್ಲು ಮತ್ತು ಒಂದು ಗೇಮಿಂಗ್ ಕಂಪ್ಯೂಟರು. ಡಂಬೆಲ್ಲನ್ನು ನನ್ನ ಹೆಂಡತಿ ಉಪ್ಪಿನಕಾಯಿ ಜಾಡಿಯ ಮೇಲೆ ಭಾರಕ್ಕೆ ಇಟ್ಟುಕೊಂಡಳು. ಗಿಟಾರು ಅಟ್ಟ ಸೇರಿತು. ಹೀಗೆ ಪಾಲುಪಟ್ಟಿ ಮುಗಿದು ಕಂಪ್ಯೂಟರು ನನ್ನ ಪಾಲಿಗೆ ಬಂತು.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಮ್ಯಾನೇಜರಾಗಿ ನಿವೃತ್ತನಾದವನಿಗೆ ಕಂಪ್ಯೂಟರು ಹೊಸದೇನಲ್ಲ. ಆದರೆ ಬ್ಯಾಂಕಿನ ಕಂಪ್ಯೂಟರು ಕೆಟ್ಟರೆ ಕೌಂಟರಿನ ಮೇಲೆ ‘ಸಿಸ್ಟಂ ಡೌನ್’ ಎಂದು ಬೋರ್ಡಿಟ್ಟು ಕಾಫಿಗೆ ಹೋಗಬಹುದಿತ್ತು. ಮನೆಯಲ್ಲಿ ಕಾಫಿ ಮಾಡಿಕೊಡುವವರೇ ಬಂದು ‘ಯಾಕ್ರೀ ಕೆಟ್ಟೋಯ್ತು?’ ಎಂದು ಕೇಳುತ್ತಾರೆ.

‘ಅಪ್ಪಾ, ಸಿನಿಮಾ ನೋಡು, ಮೇಲ್ ನೋಡು, ಬೇಕಾದ್ರೆ ಗೇಮ್ ಆಡು. ಸೆಟ್ಟಿಂಗ್ಸ್ ಮಾತ್ರ ಮುಟ್ಟಬೇಡ’ ಎಂದು ಮಗ ಹೇಳಿ ಹೋಗಿದ್ದ. ಕ್ಯಾಬಿನೆಟ್ಟಿನ ಒಂದು ಪಕ್ಕ ಪೂರ್ತಿ ಗಾಜು. ಒಳಗೆ ಫ್ಯಾನುಗಳು ಹಸಿರು, ಕೆಂಪು, ನೇರಳೆ ಎಂದು ಬಣ್ಣ ಬದಲಾಯಿಸುತ್ತ ತಿರುಗುತ್ತವೆ. ಧೂಳು ಕೂರುತ್ತದೆಂದು ನನ್ನ ಹೆಂಡತಿ ಅದಕ್ಕೊಂದು ಕ್ರೋಶಾ ಕವರು ಹೆಣೆದು ತೊಡಿಸಿದ್ದಳು. ಕಂಪ್ಯೂಟರ್ ಟೇಬಲ್ಲಿನ ಕೆಳಗಿನ ಗೂಡಿನಲ್ಲಿ, ಮೈತುಂಬ ದಾರದ ಅಂಗಿ ತೊಟ್ಟು, ಉಸಿರಾಡಲು ಎಲ್ಲಿಂದಲೋ ಚೂರು ಗಾಳಿ ಎಳೆದುಕೊಳ್ಳುತ್ತ ಅದು ಸಂಸಾರ ಮಾಡಿಕೊಂಡಿತ್ತು.

ನಾನು ಹಿಡಿದುಕೊಂಡ ಆಟದ ಹೆಸರು ಯೂರೋ ಟ್ರಕ್ ಸಿಮ್ಯುಲೇಟರ್ 2. ಪ್ರಾಗಿನ ಕಂಪನಿಯೊಂದು 2012ರಲ್ಲಿ ಹೊರತಂದದ್ದು. ಗುಂಡು ಹಾರಿಸುವುದಿಲ್ಲ, ಯಾರನ್ನೂ ಕೊಲ್ಲುವುದಿಲ್ಲ. ಸರಕು ತುಂಬಿಕೊಂಡು ಯೂರೋಪಿನ ಒಂದೂರಿನಿಂದ ಇನ್ನೊಂದೂರಿಗೆ ಲಾರಿ ಓಡಿಸುವುದು, ಅಷ್ಟೇ. ಸಿಗ್ನಲ್ ಹಾರಿದರೆ ದಂಡ. ಬಹಳ ಹೊತ್ತು ಓಡಿಸಿದರೆ ಆಟದೊಳಗಿನ ಚಾಲಕ ಆಕಳಿಸುತ್ತಾನೆ, ಅವನನ್ನು ಮಲಗಿಸಬೇಕು. ನಮ್ಮ ಮನೆಯ ಕಾರನ್ನು ಓಡಿಸುವವಳು ನನ್ನ ಹೆಂಡತಿ. ನಾನು ಕೆ.ಆರ್. ಸರ್ಕಲ್ಲಿನಲ್ಲಿ ಸ್ಕೂಟರಿನಿಂದ ಇಳಿದು ತಳ್ಳಿಕೊಂಡು ದಾಟುವ ಪೈಕಿ. ಅಂಥವನು ರಾತ್ರಿ ಊಟವಾದ ಮೇಲೆ, ಮಳೆಯಲ್ಲಿ, ಟನ್ನುಗಟ್ಟಲೆ ಸೇಬು ಹೇರಿಕೊಂಡು ರಾಟರ್‌ಡ್ಯಾಮಿನಿಂದ ಹ್ಯಾಂಬರ್ಗಿಗೆ ಹೊರಡುತ್ತಿದ್ದೆ. ಮನೆಯವಳಿಗೆ ಹೇಳಿಯೇ ಹೊರಡುತ್ತಿದ್ದೆ.

ಸೆಟ್ಟಿಂಗ್ಸ್ ಮುಟ್ಟಬೇಡ ಎಂದರೆ ಅಲ್ಲಿ ಏನೋ ಇದೆ ಎಂದೇ ಅರ್ಥ. ಗ್ರಾಫಿಕ್ಸ್ ಎಂಬ ಪುಟ ತೆರೆದು ಇದ್ದಬದ್ದ ಗುಂಡಿಗಳನ್ನೆಲ್ಲ ‘ಅಲ್ಟ್ರಾ’ಗೆ ಏರಿಸಿದೆ. ಸ್ಕೇಲಿಂಗ್ ಎಂಬುದೊಂದಿತ್ತು; ಚಿತ್ರವನ್ನು ಪರದೆಗೆ ಬೇಕಾದ್ದಕ್ಕಿಂತ ದೊಡ್ಡದಾಗಿ ಬರೆದು, ಆಮೇಲೆ ಕುಗ್ಗಿಸಿ ನಯವಾಗಿ ತೋರಿಸುವ ಏರ್ಪಾಡು. ಶೇ 400ರವರೆಗೆ ಎಳೆಯಬಹುದು. ನಿವೃತ್ತಿಯಾದವನಿಗೆ ಜೀವನದಲ್ಲಿ ಶೇ 400 ಎನ್ನುವುದನ್ನು ಬೇರೆ ಯಾರು ಕೊಡುತ್ತಾರೆ? ಎಳೆದೆ. ಲಾರಿಯ ಕನ್ನಡಿಯಲ್ಲಿ ಹಿಂದಿನ ಕಾರಿನ ನಂಬರ್ ಪ್ಲೇಟಿನ ಮೇಲಿನ ಮಳೆಹನಿ ಕೂಡ ಕಾಣತೊಡಗಿತು.

ಹ್ಯಾಂಬರ್ಗಿನ ಗೋದಾಮಿನ ಗೇಟು ಕಣ್ಣಿಗೆ ಬಿದ್ದಿತ್ತು. ಲಾರಿ ಹಿಂದಕ್ಕೆ ತಗೊಂಡು ನಿಲ್ಲಿಸುವುದಷ್ಟೇ ಬಾಕಿ. ಇದ್ದಕ್ಕಿದ್ದಂತೆ ಚಿತ್ರ ಸ್ತಬ್ಧವಾಯಿತು. ಎಂಜಿನ್ನಿನ ಸದ್ದು ಒಂದೇ ಚೂರಿಗೆ ಸಿಕ್ಕಿಕೊಂಡು ಟ್ರರ್‌ರ್‌ರ್ ಎಂದು ಹಟ ಹಿಡಿಯಿತು. ಪರದೆ ಒಮ್ಮೆ ಕಪ್ಪಾಗಿ, ಆಮೇಲೆ ಪೂರ್ತಿ ನೀಲಿಯಾಯಿತು. ಮೇಲೆ ಅಳುಮೋರೆ. ಕೆಳಗೆ ನಿಧಾನಕ್ಕೆ ಏರುವ ಶೇಕಡಾವಾರು ಅಂಕಿ. ಮೂಲೆಯಲ್ಲೊಂದು ಕ್ಯುಆರ್ ಕೋಡ್, ಅದರ ಪಕ್ಕದಲ್ಲಿ ‘ವಿಡಿಯೊ ಟಿಡಿಆರ್ ಫೇಲ್ಯೂರ್’ ಎಂಬ ಸಣ್ಣಕ್ಷರದ ಷರಾ.

ಈ ಅಳುಮೋರೆ 2012ರಲ್ಲಿ ವಿಂಡೋಸ್ 8ರ ಜೊತೆ ಬಂದದ್ದು, ಕ್ಯುಆರ್ ಕೋಡು 2016ರಲ್ಲಿ ಸೇರಿಕೊಂಡದ್ದು ಎಂಬುದೆಲ್ಲ ಆಮೇಲೆ ಓದಿ ತಿಳಿದುಕೊಂಡೆ. ಆ ಕ್ಷಣಕ್ಕೆ, ಕ್ಯುಆರ್ ಕೋಡ್ ಕಂಡರೆ ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿಗೇ ಹೋಯಿತು. ಫೋನಿನಲ್ಲಿ ದುಡ್ಡು ಕಟ್ಟುವ ಆ್ಯಪ್ ತೆರೆದು ಪರದೆಗೆ ಹಿಡಿದೆ. ಹೆಂಡತಿ ಬಾಗಿಲಲ್ಲಿ ನಿಂತು, ‘ಎಷ್ಟು ಕೇಳ್ತಿದೆ?’ ಎಂದಳು. ಅಷ್ಟರಲ್ಲಿ ಕಂಪ್ಯೂಟರು ತಾನಾಗಿಯೇ ರೀಸ್ಟಾರ್ಟ್ ಆಯಿತು.

ಮಗನಿಗೆ ಫೋನು ಮಾಡಿದೆ. ಅವನು ಹೇಳಿದ್ದರ ಸಾರಾಂಶ ಇದು. ಪರದೆಯ ಮೇಲೆ ಏನು ಕಾಣಬೇಕೆಂದು ವಿಂಡೋಸ್ ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ಹಚ್ಚುತ್ತದೆ. ಎರಡು ಸೆಕೆಂಡು ಕಾಯುತ್ತದೆ. ಅಷ್ಟರೊಳಗೆ ಕಾರ್ಡು ಕೆಲಸ ಮುಗಿಸಿಯೂ ಕೊಡಲಿಲ್ಲ, ಹಿಡಿದ ಕೆಲಸ ಬಿಡು ಎಂದರೆ ಬಿಡಲೂ ಇಲ್ಲ ಎಂದಾದರೆ, ಅದು ಸಿಕ್ಕಿಕೊಂಡಿದೆ ಎಂದು ತೀರ್ಮಾನಿಸಿ ಕಾರ್ಡನ್ನೂ ಅದನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶವನ್ನೂ ಎಬ್ಬಿಸಿ ಹೊಸದಾಗಿ ಕೂರಿಸಲು ನೋಡುತ್ತದೆ. ಎದ್ದರೆ ಪರದೆ ಒಮ್ಮೆ ಮಿನುಗಿ ಸರಿಹೋಗುತ್ತದೆ. ಏಳದಿದ್ದರೆ ನೀಲಿ. ಒಂದು ನಿಮಿಷದೊಳಗೆ ಐದಕ್ಕಿಂತ ಹೆಚ್ಚು ಸಲ ಹೀಗೆ ಎಬ್ಬಿಸಬೇಕಾಗಿ ಬಂದರೂ ನೀಲಿಯೇ. ವಿಂಡೋಸ್ ವಿಸ್ತಾ ಕಾಲದಿಂದ ಇರುವ ಕಾನೂನು. ಅದಕ್ಕೆ ಹಿಂದೆ ಪರದೆ ಸುಮ್ಮನೆ ನಿಂತೇಬಿಡುತ್ತಿತ್ತಂತೆ. ನಾವೇ ಗುಂಡಿ ಒತ್ತಿ ಆರಿಸಬೇಕಿತ್ತಂತೆ.

ಎರಡು ಸೆಕೆಂಡು! ನಾನು ಕೌಂಟರಿನಲ್ಲಿ ಕೂತಿದ್ದಾಗ ಒಂದು ಡಿಡಿಗೆ ಜನ ಅರ್ಧ ದಿನ ಕಾದಿದ್ದಾರೆ, ಯಾರೂ ನೀಲಿಯಾಗಿಲ್ಲ. ನನ್ನ ಸಹಾನುಭೂತಿ ಪೂರ್ತಿಯಾಗಿ ಕಾರ್ಡಿನ ಕಡೆಗಿತ್ತು.

‘ಡ್ರೈವರ್ ಸರಿ ಇಲ್ಲ ಅನ್ಸತ್ತೆ ಅಪ್ಪಾ’ ಎಂದ ಮಗ. ಹೆಂಡತಿಗೆ ಅಡುಗೆಮನೆಯಲ್ಲಿ ಅಷ್ಟೇ ಕೇಳಿಸಿತು. ‘ಅದನ್ನ ನಾನು ಮೊದಲೇ ಹೇಳಿದ್ದೆ’ ಎಂದಳು.

ಅಲ್ಲಿಂದ ಶುರುವಾಯಿತು. ಕಾಯಿಲೆ ಬಿದ್ದವನ ಮನೆಗೆ ಬಂದವರೆಲ್ಲ ವೈದ್ಯರಾಗುವುದು ಗೊತ್ತಿದ್ದದ್ದೇ. ಕಂಪ್ಯೂಟರಿಗೂ ಆ ಭಾಗ್ಯವುಂಟು ಎಂದು ಗೊತ್ತಿರಲಿಲ್ಲ. ನನ್ನ ಅಕ್ಕನ ಮಗ, ವೈರಸ್ ಎಂದ. ಅವನಿಗೆ ಎಲ್ಲವೂ ವೈರಸ್ಸೇ. ಎದುರು ಮನೆಯ ರಾಯರು ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಅವರು ಕಂಪ್ಯೂಟರಿನ ಕಡೆ ನೋಡಲೂ ಇಲ್ಲ. ಮಲ್ಟಿಮೀಟರು ತಂದು ಪ್ಲಗ್ಗಿನ ತೂತುಗಳಿಗೆ ಚುಚ್ಚಿ, ‘ನ್ಯೂಟ್ರಲ್ಲಿಗೂ ಅರ್ಥಿಗೂ ಮಧ್ಯೆ ಇಷ್ಟು ವೋಲ್ಟೇಜ್ ಇಟ್ಕೊಂಡು ನೀವು ಜೀವಂತ ಇದ್ದೀರಲ್ಲ, ಅದೇ ಆಶ್ಚರ್ಯ’ ಎಂದರು. ಮೀಟರ್ ಬೋರ್ಡಿನ ಕೆಳಗೆ, ದಾಸವಾಳದ ಬುಡದಲ್ಲಿ, ಅರ್ಥಿಂಗ್ ಗುಂಡಿ ಇದೆ ಎಂಬುದು ಮನೆ ಕಟ್ಟಿಸಿದ ನನಗೇ ಮರೆತುಹೋಗಿತ್ತು. ರಾಯರು ಪಂಚೆ ಎತ್ತಿಕಟ್ಟಿ, ಕಲ್ಲುಪ್ಪು ತರಿಸಿ, ಇದ್ದಿಲು ತರಿಸಿ, ನನ್ನ ಕೈಯಲ್ಲಿ ಬಕೆಟ್ಟುಗಟ್ಟಲೆ ನೀರು ಹೊಯ್ಯಿಸಿದರು. ಹಾಲು ತರಲು ಹೊರಟಿದ್ದ ಪಕ್ಕದ ಮನೆಯಾಕೆ ನಿಂತು ಏನೆಂದು ಕೇಳಿದರು. ಲಾರಿ ಆಟದ ಗ್ರಾಫಿಕ್ಸ್ ಸರಿಮಾಡುತ್ತಿದ್ದೇವೆ ಎಂದೆ. ಅವರು ಹಾಲು ತರಲು ಹೋದರು.

ಆ ರಾತ್ರಿ ಸೇಬಿನ ಲಾರಿ ಬ್ರೆಮೆನ್ ದಾಟಿದ ಕೂಡಲೇ ನೀಲಿಯಾಯಿತು. ದಾಸವಾಳ ಮಾತ್ರ ಆಮೇಲೆ ಬಹಳ ದಿನ ಹೂ ಬಿಡಲಿಲ್ಲ.

ಇನ್ನು ಬೇರೆಯವರನ್ನು ನಂಬಿ ಪ್ರಯೋಜನವಿಲ್ಲ ಎಂದು ನಾನೇ ಕೈಹಾಕಿದೆ. ವಿಂಡೋಸ್ ಬೀಳುವಾಗ ಮಿನಿಡಂಪ್ ಎಂಬ ಫೋಲ್ಡರಿನಲ್ಲಿ ಒಂದು ಸಣ್ಣ ಕಡತ ಬಿಟ್ಟು ಬೀಳುತ್ತದೆ. ಅದನ್ನು ವಿನ್‌ಡಿಬಗ್ ಎಂಬ ತಂತ್ರಾಂಶದಲ್ಲಿ ತೆರೆದು ವಿಶ್ಲೇಷಣೆಯ ಆಜ್ಞೆ ಕೊಟ್ಟರೆ ಅಪರಾಧಿಯ ಹೆಸರು ಬರುತ್ತದೆ. ಶಾಖೆಗಳ ಆಡಿಟ್ಟಿಗೆ ಎಷ್ಟೋ ಸಲ ಕೂತವನು ನಾನು, ಕಡತವೆಂದರೆ ಭಯವಿಲ್ಲ. ಪರದೆ ತುಂಬ ಅಂಕಿಗಳು ಸುರಿದು ಕೊನೆಯಲ್ಲಿ ಗ್ರಾಫಿಕ್ಸ್ ಡ್ರೈವರಿನ ಫೈಲಿನ ಹೆಸರು ಬಂತು, ನಡುವೆ ಒಂದು ಸ್ವರವೂ ಇಲ್ಲದ ಬರೀ ವ್ಯಂಜನಗಳ ಹೆಸರು. ಸಿಕ್ಕಿಬಿದ್ದ ಎಂದುಕೊಂಡೆ. ಮಗ ಫೋನಿನಲ್ಲೇ ನನ್ನ ಉತ್ಸಾಹ ಇಳಿಸಿದ. ಕಾರ್ಡು ಕೆಟ್ಟರೂ ಆ ಹೆಸರೇ ಬರುತ್ತದೆ, ಕರೆಂಟು ಸಾಲದಿದ್ದರೂ ಆ ಹೆಸರೇ ಬರುತ್ತದೆ, ಬಿಸಿಯಾದರೂ ಅದೇ. ಕೊನೆಗೆ ಕಡತ ಹಿಡಿದುಕೊಂಡು ನಿಂತಿದ್ದವನ ಹೆಸರು ಅದು, ಅಷ್ಟೇ. ಬ್ಯಾಂಕಿನಲ್ಲಿ ಸಸ್ಪೆಂಡ್ ಆಗುತ್ತಿದ್ದವರ ನೆನಪಾಯಿತು.

ಆದರೂ ಡ್ರೈವರನ್ನು ಬೇರುಸಹಿತ ಕಿತ್ತು ಹೊಸದು ಹಾಕಬೇಕು ಎಂದಾಯಿತು. ಅದಕ್ಕೆ ಡಿಡಿಯು ಎಂಬ ಸಲಕರಣೆಯಿದೆ. ಸೇಫ್ ಮೋಡಿನಲ್ಲಿ ಓಡಿಸಬೇಕು. ಮೊದಲು ಇಂಟರ್ನೆಟ್ ತಪ್ಪಿಸಬೇಕು. ಇಲ್ಲದಿದ್ದರೆ ನಾವು ಹಳೆಯ ಡ್ರೈವರನ್ನು ಮುಂಬಾಗಿಲಿನಿಂದ ಕಳಿಸುವಷ್ಟರಲ್ಲಿ ವಿಂಡೋಸ್ ಅಪ್‌ಡೇಟು ಹಿತ್ತಿಲ ಬಾಗಿಲಿನಿಂದ ಇನ್ನೊಂದನ್ನು ಕರೆತಂದು ಕೂರಿಸಿರುತ್ತದೆ. ನಾನು ಮನೆಯ ವೈಫೈ ಪೆಟ್ಟಿಗೆಯನ್ನೇ ಆರಿಸಿದೆ. ಧಾರಾವಾಹಿಯನ್ನು ಫೋನಿನಲ್ಲಿ ನೋಡುತ್ತಿದ್ದವರು ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಒಬ್ಬರಿದ್ದರು. ಆ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಕಿತ್ತದ್ದೂ ಆಯಿತು, ಹಾಕಿದ್ದೂ ಆಯಿತು. ರ‍್ಯಾಮ್ ಸರಿ ಇದೆಯೋ ಎಂದು ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್ ಹಚ್ಚಿ ರಾತ್ರಿಯಿಡೀ ಬಿಟ್ಟದ್ದೂ ಆಯಿತು. ಬೆಳಗ್ಗೆ ಒಂದೂ ತಪ್ಪಿಲ್ಲ ಎಂದು ವರದಿ ಬಂತು. ತಪ್ಪಿಲ್ಲದ ವರದಿ ಓದಿ ಅಷ್ಟು ಬೇಸರವಾದದ್ದು ಅದೇ ಮೊದಲು.

ಆಮೇಲೆ ನಾನು ವಿಂಡೋಸ್ ತನ್ನ ಕಾನೂನುಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಗೆ ಇಳಿದೆ. ಆ ಎರಡು ಸೆಕೆಂಡಿನ ಕಾನೂನಿದೆಯಲ್ಲ, ಅದನ್ನು ಬದಲಾಯಿಸಬಹುದು. ಟಿಡಿಆರ್ ಡಿಲೇ ಎಂಬ ಹೆಸರಿನಲ್ಲಿ ಒಂದು ನಮೂದು ಮಾಡಿ ಸೆಕೆಂಡುಗಳನ್ನು ಏರಿಸಬಹುದು. ನಾನು ಉದಾರಿ. ಹತ್ತು ಎಂದು ಬರೆದೆ. ಬಡಪಾಯಿ ಕಾರ್ಡಿಗೆ ಉಸಿರಾಡಲು ಸಮಯ ಸಿಗಲಿ ಎಂದು. ಫಲಿತಾಂಶವೆಂದರೆ, ಮೊದಲು ಎರಡು ಸೆಕೆಂಡು ಟ್ರರ್‌ರ್‌ರ್ ಎನ್ನುತ್ತಿದ್ದ ಯಂತ್ರ ಈಗ ಹತ್ತು ಸೆಕೆಂಡು ಟ್ರರ್‌ರ್‌ರ್ ಎಂದು ಆಮೇಲೆ ನೀಲಿಯಾಗತೊಡಗಿತು. ಕಾಯಿಲೆ ಹಾಗೇ ಉಳಿಯಿತು, ನರಳಾಟ ಐದು ಪಟ್ಟಾಯಿತು.

ಇದರ ನಡುವೆ 2024ರ ಜುಲೈ 19 ಬಂತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ತಪ್ಪು ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಒಟ್ಟಿಗೆ ನೀಲಿಯಾದ ದಿನ. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಟೀವಿಯಲ್ಲಿ ಆ ಪರದೆಗಳ ಸಾಲು ನೋಡಿದ ಹೆಂಡತಿ ನಿಧಾನಕ್ಕೆ ನನ್ನ ಕಡೆ ತಿರುಗಿ, ‘ನಿನ್ನೆ ರಾತ್ರಿ ನೀವು ಏನು ಮುಟ್ಟಿದ್ರಿ?’ ಎಂದಳು. ಹೆಂಡತಿಗೆ ನನ್ನ ಶಕ್ತಿಯ ಮೇಲೆ ಅಷ್ಟು ದೊಡ್ಡ ನಂಬಿಕೆ ಇದ್ದದ್ದು ಮದುವೆಯಾದ ಮೇಲೆ ಅದೊಂದೇ ಸಲ. ಸಮಾಧಾನಕ್ಕೆ ನಾನು ಬಿಲ್ ಗೇಟ್ಸ್ ಕಥೆ ಹೇಳಿದೆ. 1998ರ ಏಪ್ರಿಲ್‌ನಲ್ಲಿ ಶಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ ವಿಂಡೋಸ್ 98 ತೋರಿಸುತ್ತಿದ್ದಾಗ, ಸಹಾಯಕ ಒಂದು ಸ್ಕ್ಯಾನರ್ ಜೋಡಿಸಿದ, ತುಂಬಿದ ಸಭೆಯ ಮುಂದೆ ಪರದೆ ನೀಲಿಯಾಯಿತು, ಜನ ಚಪ್ಪಾಳೆ ತಟ್ಟಿದರು. ‘ಅವರು ಆಮೇಲೆ ಆ ಸ್ಕ್ಯಾನರ್ ಮುಟ್ಟಿದ್ರಾ?’ ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ.

ಪಿತೃಪಕ್ಷ ನಡೆಯುತ್ತಿತ್ತು. ಒಳ್ಳೆಯ ಕೆಲಸಕ್ಕೆ ಕೈಹಾಕಬಾರದ ಕಾಲ, ರಿಪೇರಿಗೆ ಅಡ್ಡಿಯಿಲ್ಲ ಎಂದು ಕ್ಯಾಬಿನೆಟ್ಟನ್ನು ಬೆಡ್‌ಶೀಟಿನಲ್ಲಿ ಸುತ್ತಿ ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿದೆ, ಬೆಂಗಳೂರಿನ ಎಸ್‌.ಪಿ. ರೋಡಿಗೆ. ಮಂಡ್ಯದಲ್ಲಿ ಹತ್ತಿದ ಒಬ್ಬರು ನನ್ನ ತೊಡೆಯ ಮೇಲಿನ ಗಂಟು ನೋಡಿದರು. ಬೆಡ್‌ಶೀಟು ಜಾರಿ ಗಾಜು ಕಾಣುತ್ತಿತ್ತು.

‘ಫಿಶ್ ಟ್ಯಾಂಕಾ ಸಾರ್?’

‘ಅಲ್ಲ, ಕಂಪ್ಯೂಟರು.’

ಬಗ್ಗಿ ಒಳಗೆ ಇಣುಕಿದರು. ‘ಗಾಜು ಯಾಕೆ ಮತ್ತೆ?’

ಈ ಪ್ರಶ್ನೆಗೆ ಮದ್ದೂರು ಬರುವವರೆಗೂ ಯೋಚಿಸಿದೆ. ಇವತ್ತಿಗೂ ಯೋಚಿಸುತ್ತಿದ್ದೇನೆ.

ಟೌನ್‌ಹಾಲ್ ಹತ್ತಿರದ ಎಸ್‌.ಪಿ. ರೋಡ್, ಅಂದರೆ ಸಾದರ ಪತ್ರಪ್ಪ ರಸ್ತೆ, ಬಿಡಿಭಾಗಗಳ ಕಾಶಿ. ಎರಡಾಳು ಎದುರಾದರೆ ಒಬ್ಬರು ಅಂಗಡಿಯೊಳಗೆ ಸರಿದುಕೊಳ್ಳಬೇಕು; ಹಾಗೆ ಸರಿದುಕೊಂಡವರು ಏನಾದರೊಂದು ಕೊಳ್ಳದೆ ಹೊರಬರುವುದಿಲ್ಲ. ಮೊದಲ ಮಹಡಿಯ ಒಂದು ಅಂಗಡಿಯಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗ ಕ್ಯಾಬಿನೆಟ್ಟಿನ ಕವರು ತೆಗೆದ. ಗ್ರಾಫಿಕ್ಸ್ ಕಾರ್ಡಿನ ಫ್ಯಾನಿನ ರೆಕ್ಕೆಗಳಿಗೆ ಬಿಳಿ ದಾರದ ನಾರು ಸುತ್ತಿಕೊಂಡಿತ್ತು. ಕ್ರೋಶಾ. ಹುಡುಗ ಚಿಮಟಿಗೆಯಲ್ಲಿ ಒಂದೆಳೆ ಎತ್ತಿ ಬೆಳಕಿಗೆ ಹಿಡಿದು, ‘ಬೆಕ್ಕು ಸಾಕಿದ್ದೀರಾ ಅಂಕಲ್?’ ಎಂದ. ಹೌದು ಎಂದುಬಿಟ್ಟೆ. ದೂರದಲ್ಲಿದ್ದರೂ ಹೆಂಡತಿಯ ಮರ್ಯಾದೆ ನನ್ನ ಮರ್ಯಾದೆ.

ಅವನು ಅಂಗಡಿಯ ಮಾನಿಟರಿಗೆ ಜೋಡಿಸಿ ಫರ್‌ಮಾರ್ಕ್ ಎಂಬ ಪರೀಕ್ಷೆ ಹಚ್ಚಿದ. ಪರದೆಯ ಮೇಲೆ ಮೈತುಂಬ ರೋಮ ಬೆಳೆದ ಉದ್ದಿನವಡೆಯಂಥದ್ದೊಂದು ತಿರುಗತೊಡಗಿತು. ಒಂದೊಂದು ಕೂದಲನ್ನೂ ಬಿಡದೆ ಬರೆಯಬೇಕಾಗಿ ಬಂದು ಕಾರ್ಡಿಗೆ ಉಸಿರು ಕಟ್ಟಬೇಕು, ದೋಷವಿದ್ದರೆ ಬೀಳಬೇಕು, ಅದು ಲೆಕ್ಕ. ವಡೆ ತಿರುಗಿತು. ಊಟದ ಹೊತ್ತಾಯಿತು, ತಿರುಗುತ್ತಲೇ ಇತ್ತು. ಮನೆಯಲ್ಲಿ ಸೇಬಿನ ಲಾರಿಯನ್ನು ಹತ್ತು ಮೈಲಿ ಎಳೆಯಲಾರದ ಕಾರ್ಡು ಇಲ್ಲಿ ಪರಕೀಯರ ಮುಂದೆ ಗಂಟೆಗಟ್ಟಲೆ ವಡೆ ತಿರುಗಿಸಿತು. ಹುಡುಗ ಕಂಪ್ಯೂಟರನ್ನು ಬಿಟ್ಟು ನನ್ನನ್ನೇ ಪರೀಕ್ಷಿಸುವಂತೆ ನೋಡತೊಡಗಿದ.

ಕೊನೆಗೆ ಅವನಿಗೇ ಏನೋ ಹೊಳೆದು, ನಾನು ತಂದಿದ್ದ ಕೇಬಲ್ಲು ಎತ್ತಿಕೊಂಡ. ಪರೀಕ್ಷೆಗೆ ಅವನು ಬಳಸಿದ್ದು ಅಂಗಡಿಯ ಎಸ್‌ಎಂಪಿಎಸ್ಸಿನ, ಅಂದರೆ ಕರೆಂಟು ಹಂಚುವ ಪೆಟ್ಟಿಗೆಯ, ಕೇಬಲ್ಲುಗಳನ್ನು. ನಮ್ಮ ಕಾರ್ಡಿಗೆ ಎಂಟು ಪಿನ್ನಿನ ಎರಡು ಬಾಯಿ. ಒಂದೊಂದು ಬಾಯಿ 150 ವ್ಯಾಟಿನವರೆಗೆ ಎಳೆದುಕೊಳ್ಳುತ್ತದೆ, ಮದರ್‌ಬೋರ್ಡಿನ ಸ್ಲಾಟಿನಿಂದ 75 ಬೇರೆ. ಮನೆಯಲ್ಲಿ ಆ ಎರಡು ಬಾಯಿಗೂ ಕವಲೊಡೆದ ಒಂದೇ ಕೇಬಲ್ಲು ಚುಚ್ಚಿತ್ತು. ‘ಎರಡು ಬೇರೆ ಬೇರೆ ಲೈನ್ ಕೊಡಬೇಕು ಅಂಕಲ್. ಲೋಡ್ ಜಾಸ್ತಿ ಆದಾಗ ಒಂದರಲ್ಲೇ ಎಳೆದ್ರೆ ವೋಲ್ಟೇಜ್ ಡ್ರಾಪ್ ಆಗಬಹುದು’ ಎಂದ. ‘ಆಗಬಹುದು’ ಎಂದನೇ ಹೊರತು ‘ಆಗಿದೆ’ ಎನ್ನಲಿಲ್ಲ. ನಮ್ಮ ಎಸ್‌ಎಂಪಿಎಸ್ಸಿಗೇ ಎರಡನೆಯ ಕೇಬಲ್ಲು ಹುಡುಕಿ ಹಾಕಿ, ಧೂಳು ಊದಿ, ಬಿಲ್ಲು ಕೊಟ್ಟ. ಬೆಕ್ಕಿನ ಬಗ್ಗೆ ಎಚ್ಚರಿಕೆ ಹೇಳಿ ಕಳಿಸಿದ.

ಊರಿಗೆ ಬಂದರೆ ಮನೆಯಲ್ಲಿ ಗೊಂಬೆ ಹಬ್ಬದ ತಯಾರಿ. ಹಾಲಿನಲ್ಲಿ ಮೆಟ್ಟಿಲು ಜೋಡಿಸಿ ಬಿಳಿ ಬಟ್ಟೆ ಹಾಸಿತ್ತು. ಆ ವರ್ಷ ನನ್ನ ಹೆಂಡತಿ ರಟ್ಟಿನಲ್ಲಿ ಅರಮನೆ ಮಾಡಿದ್ದಳು, ಕಿಟಕಿಗಳನ್ನೆಲ್ಲ ಬ್ಲೇಡಿನಲ್ಲಿ ಕೊರೆದು. ಹಿಂದಿನಿಂದ ಬೆಳಕು ಬೇಕಿತ್ತು. ಬಣ್ಣಬಣ್ಣದ ದೀಪ ಬಿಡುವ ಗಾಜಿನ ಪೆಟ್ಟಿಗೆ ಬೆಡ್‌ಶೀಟು ಹೊದ್ದು ಬಾಗಿಲಿಗೆ ಬಂದು ನಿಂತಿತ್ತು. ಅದು ಕಂಪ್ಯೂಟರ್ ಟೇಬಲ್ಲಿನ ಗೂಡಿಗೆ ಮರಳಲೇ ಇಲ್ಲ. ಕ್ರೋಶಾ ಕವರಿಲ್ಲದೆ ಹಾಲಿನ ಗೋಡೆಯ ಪಕ್ಕ, ಗಾಳಿಯಾಡುವ ಜಾಗದಲ್ಲಿ, ಅರಮನೆಯ ಬೆನ್ನಿಗೆ ಕೂತಿತು. ಅಲ್ಲಿನ ಪ್ಲಗ್ಗು ಬೇರೆ ಲೈನಿನದು; ಹಳೆಯ ಕೋಣೆಯ ಲೈನಿನಲ್ಲಿದ್ದ ಯುಪಿಎಸ್ಸು, ವಿಸ್ತರಣೆಯ ಬೋರ್ಡು, ಮಿಕ್ಸಿ ಯಾವುದೂ ಇಲ್ಲಿಲ್ಲ. ಅದೇ ಸಂಜೆ ಮಗ ಪುಣೆಯಿಂದಲೇ ಕಂಪ್ಯೂಟರಿನೊಳಗೆ ಕೂತು, ನನ್ನ ಹತ್ತು ಸೆಕೆಂಡನ್ನು ಅಳಿಸಿ, ಹಿಂದಿನ ವರ್ಷದ ಹಳೆಯ ಡ್ರೈವರು ಹಾಕಿ, ಕಾರ್ಡಿನ ವೇಗವನ್ನು 50 ಮೆಗಾಹರ್ಟ್ಸ್‌ನಷ್ಟು ಇಳಿಸಿದ. ಕೆಲವು ಕಾರ್ಡುಗಳನ್ನು ಕಾರ್ಖಾನೆಯಲ್ಲೇ ಮಿತಿಯ ಅಂಚಿಗೆ ಓಡಿಸಿರುತ್ತಾರಂತೆ, ವಯಸ್ಸಾದ ಮೇಲೆ ಆ ವೇಗ ತಡೆಯುವುದಿಲ್ಲವಂತೆ. ನನಗೆ ಅರ್ಥವಾಯಿತು.

ನವರಾತ್ರಿಯ ಮೊದಲ ದಿನವೇ ಅರಿಶಿನ ಕುಂಕುಮಕ್ಕೆ ಬಂದವರ ಮಕ್ಕಳು ಲಾರಿ ಓಡಿಸಿ ಎಂದು ಪೀಡಿಸಿದರು. ಪಟ್ಟದ ಗೊಂಬೆಗಳ ಸಮ್ಮುಖದಲ್ಲಿ ಸೇಬು ಹೇರಿಕೊಂಡು ಹೊರಟೆ. ಬ್ರೆಮೆನ್ ದಾಟಿತು. ಹ್ಯಾಂಬರ್ಗಿನ ಗೇಟು ದಾಟಿತು. ಲಾರಿಯನ್ನು ಹಿಂದಕ್ಕೆ ತೆಗೆಯಲು ನನಗೆ ಬಾರದೆ ಗೋದಾಮಿನ ಗೋಡೆಗೆ ಗುದ್ದಿ ಸರಕಿಗೆ ಪೆಟ್ಟಾಯಿತು, ದಂಡ ಬಿತ್ತು, ಆ ಮಾತು ಬೇರೆ. ಪರದೆ ನೀಲಿಯಾಗಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಆಗಿಲ್ಲ.

ಸರಿಮಾಡಿದ್ದು ಯಾವುದು? ಎಸ್‌.ಪಿ. ರೋಡಿನ ಹುಡುಗನಿಗೆ ಕೇಬಲ್ಲೇ ಎಂಬುದರಲ್ಲಿ ಸಂಶಯವಿಲ್ಲ. ಮಗ 50 ಮೆಗಾಹರ್ಟ್ಸ್ ಎನ್ನುತ್ತಾನೆ. ಎದುರು ಮನೆಯ ರಾಯರು ಅರ್ಥಿಂಗು ಹದಕ್ಕೆ ಬರಲು ಸ್ವಲ್ಪ ಕಾಲ ಬೇಕು ಎಂದು ಮೊದಲೇ ಹೇಳಿದ್ದರಂತೆ. ಹೆಂಡತಿ ಚಾಮುಂಡೇಶ್ವರಿ ಎನ್ನುತ್ತಾಳೆ. ಕ್ರೋಶಾ ಕವರಿನ ವಿಷಯ ಅವಳಿಗೆ ನಾನು ಹೇಳಿಲ್ಲ, ಈ ಲೇಖನ ಓದಿದರೆ ತಿಳಿಯುತ್ತದೆ. ಶಾಸ್ತ್ರಪ್ರಕಾರ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕು. ಈಗಲೂ ಒಂದೊಂದನ್ನೇ ಹಿಂದಿನಂತೆ ಮಾಡುತ್ತ ಹೋದರೆ ನಿಜ ಹೊರಬಂದೀತು. ಆ ಜ್ಞಾನದಾಹ ನನಗಿಲ್ಲ. ವಿಂಡೋಸ್ 11ಕ್ಕೆ ಬಾ, ಅದರಲ್ಲಿ ನೀಲಿ ಪರದೆಯೇ ಇಲ್ಲ ಎಂದು ಮಗ ಇತ್ತೀಚೆಗೆ ಆಸೆ ತೋರಿಸಿದ. ವಿಚಾರಿಸಿದರೆ, 2025ರಲ್ಲಿ ಅದನ್ನು ಕಪ್ಪು ಮಾಡಿದ್ದಾರೆ.

ವಿಜಯದಶಮಿ ಕಳೆದು ಗೊಂಬೆಗಳು ಪೆಟ್ಟಿಗೆ ಸೇರಿದವು. ಕಂಪ್ಯೂಟರನ್ನು ಮಾತ್ರ ಅಲ್ಲಾಡಿಸುವ ಧೈರ್ಯ ಯಾರಿಗೂ ಬರಲಿಲ್ಲ. ಹಾಗಾಗಿ ಅದು ಹಾಲಿನಲ್ಲೇ ಇದೆ, ಗೊಂಬೆಯ ಮೆಟ್ಟಿಲೂ ಅದರ ಜೊತೆಗೇ ಇದೆ, ಟೀವಿ ಮಲಗುವ ಕೋಣೆಗೆ ಹೋಗಿದೆ. ನಮ್ಮ ಮನೆಗೆ ಬರುವವರಲ್ಲಿ ಒಂದೇ ವಿನಂತಿ: ಸೋಫಾದ ಪಕ್ಕದ ಆ ಪ್ಲಗ್ಗಿಗೆ ನಿಮ್ಮ ಮೊಬೈಲ್ ಚಾರ್ಜರ್ ಚುಚ್ಚಬೇಡಿ. ಪರದೆಯ ಮೂಲೆಯಲ್ಲಿ ‘ಹೊಸ ಡ್ರೈವರ್ ಬಂದಿದೆ, ಹಾಕಲೇ?’ ಎಂದು ಕೇಳಿದರೆ, ನಾನು ಬಚ್ಚಲಲ್ಲಿದ್ದರೂ ಸರಿ, ನೀವೇ ಬೇಡ ಅಂದುಬಿಡಿ.